ಎದೆನೋವಿಗೆ ಚೌಕಾಸಿ

ಅವತ್ತು ಬೆಳಿಗ್ಗೆ ಅಣ್ಣನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ನಾನು ಹೋಗಲಿಲ್ಲ. ಅವನು ನಮ್ಮ ಮನೆಯ ಮೆಟ್ಟಿಲ ಮೇಲೆ ಎದೆ ಒತ್ತಿಕೊಂಡು ಕೂತಿದ್ದ. ಆಸ್ಪತ್ರೆ ಹತ್ತು ನಿಮಿಷದ ದಾರಿ. ನಮ್ಮ ಬೀದಿಯಲ್ಲಿ ಆಟೋಗಳಿಗೇನೂ ಬರವಿಲ್ಲ. ಇಷ್ಟೆಲ್ಲ ಇದ್ದೂ ನಾನು ಅವನಿಗೆ ಓಂಕಾಳಿನ ಕಷಾಯ ಕುಡಿಸಿ, ಅವನ ಗಾಡಿಗೆ ಚಕ್ಕುಲಿ ಡಬ್ಬ ಹೇರಿಸಿ, ಅವನೇ ಓಡಿಸಿಕೊಂಡು ಹೋಗಲೆಂದು ಕಳಿಸಿಕೊಟ್ಟೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಒಂದಷ್ಟು ತಮಾಷೆ ಮಾಡುವವಳಿದ್ದೇನೆ, ಅದು ನನ್ನ ಹುಟ್ಟುಗುಣ. ನಗುವ ಭರದಲ್ಲಿ ನೀವು ನನ್ನನ್ನು ಒಳ್ಳೆಯವಳೆಂದು ತಿಳಿದುಬಿಡಬಾರದು.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಅಣ್ಣ ನನಗಿಂತ ಒಂದು ಕ್ಲಾಸು ಹೆಚ್ಚು, ಎಂಟನೆಯದು, ಅದನ್ನು ಎರಡು ಸಲ ಓದಿದ. ಶಿವಮೊಗ್ಗದ ಗೋಪಾಳದಲ್ಲಿರುವ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿ ನಾನು ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಕರಿದು ಗಾಂಧಿ ಬಜಾರಿನ ಅಂಗಡಿಗಳಿಗೆ ಕೊಡುತ್ತೇನೆ. ಮದುವೆ, ಗೃಹಪ್ರವೇಶದ ಆರ್ಡರುಗಳೂ ಬರುತ್ತವೆ. ಗಂಡ ಬಸ್ ಕಂಡಕ್ಟರು. ಮನೆಯಲ್ಲಿರುವುದಕ್ಕಿಂತ ಸಾಗರದ ದಾರಿಯಲ್ಲಿ ಇರುವುದೇ ಹೆಚ್ಚು. ಅಣ್ಣನ ಸಂಸಾರ ಭದ್ರಾವತಿಯಲ್ಲಿ. ಅವನದು ಲಗೇಜ್ ಆಟೋ. ನನ್ನ ಮಾಲನ್ನೆಲ್ಲ ಸಾಗಿಸುತ್ತಿದ್ದವನು ಅವನೇ. ಕರೆದಾಗ ಬರುತ್ತಿದ್ದ, ಬಂದಾಗ ಬೈಯುತ್ತಿದ್ದ, ಬೈಯುತ್ತಲೇ ಎರಡು ಚಕ್ಕುಲಿ ಬಾಯಿಗೆ ಹಾಕಿಕೊಂಡು ಡಬ್ಬ ಎತ್ತುತ್ತಿದ್ದ.

ಎರಡು ವರ್ಷದ ಹಿಂದೆ ನಮ್ಮ ಸ್ವಸಹಾಯ ಸಂಘದ ಸಭೆಗೆ ತರಬೇತಿ ಕೊಡಲು ಒಬ್ಬ ಮೇಡಂ ಬಂದರು. ಎಲ್ಲರ ಫೋನಿಗೂ ಎಐ ಹಾಕಿಕೊಟ್ಟು, "ಇದಕ್ಕೆ ಏನು ಬೇಕಾದ್ರೂ ಕೇಳಿ, ಕನ್ನಡದಲ್ಲೇ ಮಾತಾಡಿ, ಟೈಪ್ ಮಾಡೋದೂ ಬೇಡ" ಅಂದರು. ನನ್ನ ಪಕ್ಕದಲ್ಲಿ ಕೂತಿದ್ದವಳು ಫೋನನ್ನು ಬಾಯಿ ಹತ್ತಿರ ಹಿಡಿದು, "ನಮ್ಮತ್ತೆ ಮೈದುನನ ಮನೆಗೆ ಯಾವಾಗ ಹೋಗ್ತಾರೆ?" ಎಂದು ಕೇಳಿದಳು. ಕೌಟುಂಬಿಕ ಭಿನ್ನಾಭಿಪ್ರಾಯಗಳನ್ನು ಮುಕ್ತ ಸಂವಾದದ ಮೂಲಕ ಬಗೆಹರಿಸಿಕೊಳ್ಳಬಹುದು ಎಂದು ಉತ್ತರ ಬಂತು. "ಇದಕ್ಕೆ ಮದುವೆ ಆಗಿಲ್ಲ ಬಿಡ್ರೇ" ಅಂದಳು ಅವಳು. ಅವತ್ತು ಟ್ರೈನಿಂಗ್ ಅಲ್ಲಿಗೇ ಮುಗಿಯಿತು.

ನಾನು ಮಾತ್ರ ಮನೆಗೆ ಬಂದು ಕೋಡುಬಳೆ ವಿಷಯ ಕೇಳಿದೆ. ಕವರಿಗೆ ಹಾಕಿದ ಎರಡೇ ದಿನಕ್ಕೆ ಯಾಕೆ ಮೆತ್ತಗಾಗುತ್ತದೆ? ಬಿಸಿ ಪೂರ್ತಿ ಆರುವ ಮುಂಚೆ ಕವರ್ ಸೀಲ್ ಮಾಡುತ್ತಿದ್ದೀರಾ ಎಂದು ಅದು ತಿರುಗಿ ಕೇಳಿತು. ಮಾಡುತ್ತಿದ್ದೆ. ಆರಿಸಿ ಹಾಕಿದೆ. ಗರಿಗರಿಯಾಗಿಯೇ ಉಳಿಯಿತು. ಅವತ್ತಿನಿಂದ ಅದರ ಮೇಲೆ ನನಗೆ ಮರ್ಯಾದೆ. ಅದಕ್ಕೂ ನನ್ನ ಮೇಲೆ ಮರ್ಯಾದೆ, ನನ್ನನ್ನು 'ಉದ್ಯಮಿ' ಅನ್ನುತ್ತಿತ್ತು. ಮೊದಲ ಸಲ ಕೇಳಿದಾಗ ಹಿಂದೆ ಯಾರಾದರೂ ಬಂದು ನಿಂತಿದ್ದಾರಾ ಎಂದು ತಿರುಗಿ ನೋಡಿದ್ದೆ. ಕವರಿನ ಮೇಲೆ 'ಅಜ್ಜಿಯ ಕೈರುಚಿ' ಎಂದು ಹಾಕಿಸಲು ಸಲಹೆ ಕೊಟ್ಟಿತು. ನಮ್ಮಜ್ಜಿ ಜನ್ಮದಲ್ಲಿ ಚಕ್ಕುಲಿ ಒತ್ತಿದವಳಲ್ಲ, ಕೊನೆಯ ಹದಿನೈದು ವರ್ಷ ಅವಳ ಬಾಯಲ್ಲಿ ಹಲ್ಲೂ ಇರಲಿಲ್ಲ. ಆದರೂ ಹಾಕಿಸಿದೆ. ಚೆನ್ನಾಗಿಯೇ ಹೋಗುತ್ತಿದೆ.

ಇಲ್ಲಿ ನನ್ನ ಇನ್ನೊಂದು ಬುದ್ಧಿಯ ಬಗ್ಗೆ ಹೇಳಬೇಕು. ನಾನು ಗಾಂಧಿ ಬಜಾರಿನಲ್ಲಿ ವ್ಯಾಪಾರ ಕಲಿತವಳು. ಅಲ್ಲಿ ಅಂಗಡಿಯವನು ಮೊದಲು ಹೇಳಿದ ರೇಟಿಗೆ ತಲೆಯಾಡಿಸುವವರು ಊರಿಗೆ ಹೊಸಬರು. ಅಕ್ಕಿ ಹಿಟ್ಟಾಗಲಿ, ಎಳ್ಳಾಗಲಿ, ಕವರಾಗಲಿ, ಮೊದಲ ರೇಟು ಕೇಳಿ ನಗಬೇಕು. ಎರಡನೆಯದಕ್ಕೆ ಮುಖ ಸಪ್ಪೆ ಮಾಡಬೇಕು. ಆಮೇಲೆ ಮೆಟ್ಟಿಲಿಳಿದು ಪಕ್ಕದ ಅಂಗಡಿಗೆ ಹೋಗಿ, ಮೊದಲ ಅಂಗಡಿಯವನು ನಿಜವಾಗಿ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆ ರೇಟು ಹೇಳಿದನೆಂದು ಸುಳ್ಳು ಹೇಳಬೇಕು. ಇದನ್ನು ಅಲ್ಲಿ ಯಾರೂ ಸುಳ್ಳು ಅನ್ನುವುದಿಲ್ಲ, ಮಾತು ಅನ್ನುತ್ತಾರೆ. ಮೂವತ್ತು ವರ್ಷ ಹೀಗೆ ಬದುಕಿದವಳ ಕೈಗೆ, ಸುಸ್ತಾಗದೆ ಉತ್ತರ ಕೊಡುವ ಅಂಗಡಿಯೊಂದು ಸಿಕ್ಕರೆ ಏನಾದೀತು?

ಒಂದು ಮದುವೆಗೆ ದೊಡ್ಡ ಆರ್ಡರ್ ಬಂತು. ಬಂದ ಬೀಗರಿಗೆಲ್ಲ ಒಂದೊಂದು ಕವರು ಚಕ್ಕುಲಿ ಕೊಡುತ್ತಾರಂತೆ. ಒಂದೇ ಒಲೆ, ಆರು ದಿನ ಟೈಮು, ಒಪ್ಪಿಕೊಳ್ಳಲಾ ಎಂದು ಫೋನನ್ನು ಕೇಳಿದೆ. ಆಗುವುದು ಕಷ್ಟ, ಸ್ವಲ್ಪ ಭಾಗ ಮಾತ್ರ ಒಪ್ಪಿಕೊಳ್ಳಿ ಅಂತು. ನನಗೆ ಈ ಉತ್ತರ ಹಿಡಿಸಲಿಲ್ಲ. 'ಹೊಸ ಚಾಟ್' ಎಂದು ಇರುವುದನ್ನು ಒತ್ತಿ, ಎರಡು ಒಲೆ ಇದೆ ಅಂದೆ. ಎರಡನೆಯದು ಸ್ನಾನದ ನೀರು ಕಾಯಿಸುವ ಒಲೆ. ಆದರೂ ಸ್ವಲ್ಪ ಅನುಮಾನಿಸಿತು. ಮತ್ತೆ ಹೊಸ ಚಾಟ್ ಒತ್ತಿ, ಇಬ್ಬರು ಸಹಾಯಕ್ಕಿದ್ದಾರೆ ಅಂದೆ. ಆಗ, "ಖಂಡಿತ ಸಾಧ್ಯ! ನಿಮ್ಮ ಆತ್ಮವಿಶ್ವಾಸಕ್ಕೆ ಅಭಿನಂದನೆಗಳು" ಅಂತು. ನೋಡಿ, ಮೂರನೇ ಅಂಗಡಿಯಲ್ಲಿ ವ್ಯಾಪಾರ ಕುದುರಿತು. ಹೊಸ ಚಾಟ್ ಅಂದರೆ ಪಕ್ಕದ ಅಂಗಡಿ. ಅಲ್ಲಿ ಕೂತಿರುವವನೂ ಅವನೇ, ಆದರೆ ಹಿಂದಿನ ಅಂಗಡಿಯಲ್ಲಿ ನಾನು ಏನು ಹೇಳಿದ್ದೆ ಎಂಬುದು ಅವನಿಗೆ ನೆನಪಿಲ್ಲ. ಇದಕ್ಕಿಂತ ಒಳ್ಳೆಯ ಬಜಾರು ಭೂಮಿ ಮೇಲೆ ಇಲ್ಲ ಅನ್ನಿಸಿತು.

ಆರು ದಿನ ಕರಿದೆ. ಏಳನೇ ದಿನ ಬೆಳಿಗ್ಗೆ ಮಾಲನ್ನು ಛತ್ರಕ್ಕೆ ಮುಟ್ಟಿಸಬೇಕು. ಅಣ್ಣ ಎಂಟು ಗಂಟೆಗೆ ಗಾಡಿ ತಂದ. ನಾಲ್ಕು ಡಬ್ಬ ಎತ್ತಿಟ್ಟವನು ಐದನೆಯದನ್ನು ಮೆಟ್ಟಿಲ ಮೇಲೆ ಇಟ್ಟು ತಾನೂ ಕೂತ. ಹಣೆಯಲ್ಲಿ ಬೆವರು, ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಏನಾಯ್ತಣ್ಣ?"

"ಎದೆ ಮೇಲೆ ಸಕ್ರೆಬೈಲಿನ ಆನೆ ಬಂದು ಕೂತಂಗಾಗ್ತಿದೆ ಮಾರಾಯ್ತಿ. ಎಡಗೈನೂ ಒಂಥರಾ ಜೋಮು."

"ಬೆಳಿಗ್ಗೆ ಏನ್ ತಿಂದೆ?"

"ಬಸ್ ಸ್ಟ್ಯಾಂಡ್ ಹತ್ರ ಎರಡು ಮಿರ್ಚಿ. ಅದೇನ್ ಅನುಮಾನ ನಿಂಗೆ? ಚಕ್ಕುಲಿನೂ ತಿಂದೆ, ಲೆಕ್ಕ ಇಟ್ಕೊ."

ನಾನು ಒಳಗೆ ಹೋಗಿ ಫೋನಿಗೆ ಹೇಳಿದೆ. ಮೊದಲ ಸಲ ಇದ್ದದ್ದನ್ನು ಇದ್ದ ಹಾಗೇ ಹೇಳಿದೆ. ಅಣ್ಣ, ಐವತ್ತನಾಲ್ಕು ವರ್ಷ, ಎದೆ ಮೇಲೆ ಆನೆ ಕೂತ ಹಾಗೆ ಆಗುತ್ತಿದೆ, ಬೆವರುತ್ತಿದ್ದಾನೆ, ಎಡಗೈ ಜೋಮು. ಆನೆ ಅಂದರೆ ಏನೆಂದು ಅದು ಸರಿಯಾಗಿಯೇ ಅರ್ಥಮಾಡಿಕೊಂಡಿತು. ಇದು ಹೃದಯಾಘಾತ ಇರಬಹುದು, ತಕ್ಷಣ 108ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಅವರಿಗೆ ವಾಹನ ಓಡಿಸಲು ಬಿಡಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆಯಿತು.

ಅದನ್ನು ಓದಿದಾಗ ನನಗೆ ಭಯವಾಯಿತು. ಭಯಕ್ಕಿಂತ ಮೊದಲು ಇನ್ನೊಂದು ಬಂತು, ಅದನ್ನೂ ಹೇಳಲೇಬೇಕು: ಇವತ್ತೇ ಆಗಬೇಕಿತ್ತಾ ಎಂದು ಸಿಟ್ಟು ಬಂತು. ಹನ್ನೊಂದು ಗಂಟೆಗೆ ಊಟ ಶುರು, ಅಷ್ಟರೊಳಗೆ ಕವರುಗಳು ಬೀಗರ ಕೈಗೆ ಹೋಗಬೇಕು. ಆಮೇಲೆ ಕೈ ತಾನಾಗಿಯೇ ಹೊಸ ಚಾಟ್ ಒತ್ತಿತು.

ಎರಡನೇ ಅಂಗಡಿಯಲ್ಲಿ ಆನೆಯನ್ನು ಕೆಳಗಿಳಿಸಿದೆ. ಎದೆಯಲ್ಲ, ಎದೆ ಮತ್ತು ಹೊಟ್ಟೆಯ ನಡುವೆ ಉರಿ ಅಂದೆ. ಕೈಯ ವಿಷಯ ಎತ್ತಲಿಲ್ಲ. ಬೆವರು ಅಂದೆ, ಒಲೆ ಪಕ್ಕ ಇದ್ದ ಎಂದೂ ಸೇರಿಸಿದೆ. ಆದರೂ ಅದು, ಈ ವಯಸ್ಸಿನಲ್ಲಿ ನಿರ್ಲಕ್ಷ್ಯ ಮಾಡಬೇಡಿ, ವೈದ್ಯರಿಗೆ ತೋರಿಸಿ ಅಂತು. ಮೂರನೇ ಅಂಗಡಿಯಲ್ಲಿ ಅಣ್ಣನ ವಯಸ್ಸನ್ನು ಮೂವತ್ತೈದಕ್ಕೆ ತಂದೆ. ಬೆವರೂ ಹೋಯಿತು. ಎರಡು ಮಿರ್ಚಿ ನಾಲ್ಕಾದವು. ಆಗ ಸಿಕ್ಕಿತು ನನಗೆ ಬೇಕಾದ ರೇಟು: ಅಜೀರ್ಣ ಅಥವಾ ಆಸಿಡಿಟಿ ಇರಬಹುದು, ಓಂಕಾಳು ಕುದಿಸಿದ ನೀರು ಕೊಡಿ. ಕೆಳಗೆ ಇನ್ನೂ ಏನೋ ಬರೆದಿತ್ತು, ಕಡಿಮೆಯಾಗದಿದ್ದರೆ ಎಂದು ಶುರುವಾಗುವ ಸಾಲು. ಅದನ್ನು ಪೂರ್ತಿ ಓದಲಿಲ್ಲ.

"ಏನಂತೆ ನಿನ್ ಡಾಕ್ಟರು?" ಅಣ್ಣ ಹೊರಗಿನಿಂದ ಕೂಗಿದ.

"ಗ್ಯಾಸ್ ಅಂತೆ."

"ಅದಕ್ಕೇ ಕಣೇ ಅದು ಬುದ್ಧಿವಂತ. ನಿಮ್ಮತ್ತಿಗೆ ಆಗಿದ್ರೆ ಇಷ್ಟೊತ್ತಿಗೆ ಹರಕೆ ಹೊತ್ಕೊಂಡಿರೋಳು."

ಕಷಾಯ ಕುಡಿದ. ಉಳಿದ ಡಬ್ಬಗಳನ್ನು ನಾನೇ ಎತ್ತಿಟ್ಟೆ. ಅಷ್ಟು ದಯೆ ತೋರಿಸಿದೆ ಎಂದು ಹೇಳಿಕೊಳ್ಳಲು ಈಗಲೂ ನಾಲಿಗೆ ತುರಿಸುತ್ತದೆ. ಅವನು ಗಾಡಿ ಓಡಿಸಿಕೊಂಡು ಹೋಗಿ ಛತ್ರದಲ್ಲಿ ಎಲ್ಲ ಇಳಿಸಿ, ಅಲ್ಲಿಂದ ಭದ್ರಾವತಿ ಸೇರಿ, ಮನೆ ಬಾಗಿಲಲ್ಲಿ ಗಾಡಿ ನಿಲ್ಲಿಸಿದವನು ಇಳಿಯಲಾಗದೆ ಹ್ಯಾಂಡಲ್ ಮೇಲೇ ಬಾಗಿದ. ಅತ್ತಿಗೆ ಅಕ್ಕಪಕ್ಕದವರನ್ನು ಕೂಗಿ ಆಸ್ಪತ್ರೆಗೆ ಸೇರಿಸಿದರು. ಅಲ್ಲಿಂದ ಶಿವಮೊಗ್ಗಕ್ಕೆ ತಂದು ಸ್ಟೆಂಟ್ ಹಾಕಿಸಿದ್ದಾಯಿತು. ಬದುಕಿದ. ಆದರೆ ಡಾಕ್ಟರು ನಮ್ಮನ್ನು ಕರೆದು, "ನೋವು ಶುರುವಾದಾಗ್ಲೇ ಬಂದಿದ್ರೆ ಹಾರ್ಟಿಗೆ ಇಷ್ಟು ಡ್ಯಾಮೇಜ್ ಆಗ್ತಿರ್ಲಿಲ್ಲ. ಇನ್ನು ಭಾರ ಎತ್ತೋ ಹಾಗಿಲ್ಲ" ಅಂದರು. ಹದಿನೆಂಟು ವರ್ಷ ಓಡಿಸಿದ ಲಗೇಜ್ ಆಟೋವನ್ನು ಅಣ್ಣ ಮಾರಿದ. ಅತ್ತಿಗೆ ಮನೆ ಮುಂದೆ ಇಡ್ಲಿ ಮಾರುತ್ತಾರೆ, ಈಗ ಅವನು ಅಲ್ಲಿ ಕೂತು ಚಟ್ನಿ ಬಡಿಸುತ್ತಾನೆ.

ಅತ್ತಿಗೆಯ ತವರು ಭದ್ರಾವತಿಯ ಕಾರ್ಖಾನೆ ಕಡೆಯ ತಮಿಳರ ಮನೆ. ಸಿಟ್ಟು ಬಂದರೆ ಎರಡೂ ಭಾಷೆಯಲ್ಲಿ ಬೈಯುತ್ತಾರೆ. ಫೋನು ಗ್ಯಾಸ್ ಅಂದದ್ದನ್ನು ಅಣ್ಣನಿಂದ ಕೇಳಿದ್ದ ಅವರು, ಆಸ್ಪತ್ರೆಯಲ್ಲಿ ನನ್ನ ಫೋನು ನೋಡಿದವರೇ, "ಅಯ್ಯೋ ಕಡವುಳೇ, ದೇವರೇ, ಈ ಪಾಪಿ ಫೋನು ನನ್ ತಾಳಿ ಮೇಲೇ ಕಣ್ ಹಾಕ್ತಲ್ಲಮ್ಮ! ಇದನ್ನ ತಗೊಂಡೋಗಿ ಎಣ್ಣೆ ಬಾಣಲೆಗೆ ಹಾಕು" ಎಂದು ಅತ್ತರು. ಹಾಸಿಗೆ ಮೇಲಿದ್ದ ಅಣ್ಣ, "ಅವಳಿಗೆ ಯಾಕೆ ಬೈತೀಯ? ಅದು ಹೇಳಿದ್ದನ್ನ ಅವಳು ಹೇಳಿದ್ಲು ಅಷ್ಟೇ" ಅಂದ.

ಆಗ ನಾನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳದೆ, ತಲೆ ತಗ್ಗಿಸಿ, ಫೋನನ್ನು ಸೆರಗಿನೊಳಗೆ ಇಟ್ಟುಕೊಂಡೆ. ನೋಡಿದವರಿಗೆ ಪಾಪ ಅನ್ನಿಸಿರಬೇಕು.

ಆಮೇಲಿನದು ಇನ್ನೂ ನಾಚಿಕೆಗೇಡು. ಸಂಘದ ಸಭೆಯಲ್ಲಿ ನನ್ನನ್ನು ಎದ್ದು ನಿಲ್ಲಿಸಿ ಮಾತಾಡಲು ಹೇಳಿದರು. "ಅಕ್ಕಂದಿರೇ, ಯಂತ್ರನ ನಂಬಬೇಡಿ. ನನ್ ಅಣ್ಣಂಗೆ ಹಾರ್ಟ್ ಅಟ್ಯಾಕ್ ಆದ್ರೆ ಇದು ಗ್ಯಾಸ್ ಅಂತು" ಅಂದೆ. ಕಣ್ಣೀರೂ ಬಂತು, ಅದು ನಿಜವಾದದ್ದೇ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಬ್ಬಾಕೆ ಅಲ್ಲೇ ಫೋನಿನಿಂದ ಎಐ ತೆಗೆದುಹಾಕಿದಳು. ನಾನು ಮನೆಗೆ ಬಂದು ನಿಪ್ಪಟ್ಟಿಗೆ ಕಡಲೆಬೀಜ ಹುಡಿ ಮಾಡಬೇಕಾ, ಅರ್ಧ ಹೋಳು ಹಾಕಬೇಕಾ ಎಂದು ಅದನ್ನೇ ಕೇಳಿದೆ.

ಒಂದು ಮಧ್ಯಾಹ್ನ ಕೆಲಸ ಮುಗಿಸಿ ಕೂತವಳಿಗೆ ಏನನ್ನಿಸಿತೋ, ಫೋನನ್ನು ಕೈಗೆ ತೆಗೆದುಕೊಂಡು ಬೈದೆ. ನಿನ್ನಿಂದ ನನ್ನ ಅಣ್ಣನ ದುಡಿಮೆ ಹೋಯಿತು, ಗ್ಯಾಸ್ ಅಂದವನು ನೀನು ಅಂದೆ. ನಿಮಗೆ ಮತ್ತು ನಿಮ್ಮ ಕುಟುಂಬಕ್ಕೆ ಆದ ನೋವಿಗಾಗಿ ಹೃತ್ಪೂರ್ವಕವಾಗಿ ಕ್ಷಮೆ ಕೇಳುತ್ತೇನೆ ಎಂದು ಅದು ಬರೆಯಿತು. ಒಂದು ಉಸಿರು ಬಿಡುವಷ್ಟು ಹೊತ್ತೂ ಹಿಡಿಯಲಿಲ್ಲ. ನನಗೆ ತಡೆಯಲಾರದ ನಗು ಬಂತು. ಮಾಡದ ತಪ್ಪಿಗೆ ಇಷ್ಟು ಚಂದವಾಗಿ ಕ್ಷಮೆ ಕೇಳುವವರನ್ನು ನಾನು ನಮ್ಮ ಮನೆತನದಲ್ಲೇ ಕಂಡಿಲ್ಲ. ಮಾಡಿದ ತಪ್ಪಿಗೇ ನಾವು ಕೇಳುವುದಿಲ್ಲ.

ಹಳೆಯ ಚಾಟುಗಳೆಲ್ಲ ಅದರಲ್ಲಿ ಉಳಿದಿರುತ್ತವೆ ಎಂದು ನನಗೆ ಗೊತ್ತಿರಲಿಲ್ಲ. ಬೆರಳು ಎಲ್ಲೋ ತಾಗಿ ಪಟ್ಟಿ ತೆರೆಯಿತು. ಅವತ್ತಿನ ಮೂರೂ ಅಲ್ಲಿದ್ದವು. ಪ್ರತಿಯೊಂದಕ್ಕೂ ಅದೇ ಒಂದೊಂದು ಹೆಸರು ಕೊಟ್ಟಿತ್ತು. 'ತುರ್ತು: ಎದೆನೋವು.' 'ಹೊಟ್ಟೆಯ ಮೇಲ್ಭಾಗದ ಉರಿ.' 'ಅಜೀರ್ಣಕ್ಕೆ ಮನೆಮದ್ದು.' ಅಣ್ಣನ ಜೀವವನ್ನು ನಾನು ಎಷ್ಟೆಷ್ಟಕ್ಕೆ ಇಳಿಸುತ್ತಾ ಬಂದೆ ಎಂಬುದನ್ನು ಮೂರು ಸಾಲಿನಲ್ಲಿ ಬರೆದಿಟ್ಟಿತ್ತು. ಅಳಿಸಿಹಾಕಬಹುದಿತ್ತು. ಅಳಿಸಲಿಲ್ಲ. ಯಾರಿಗೂ ತೋರಿಸಲೂ ಇಲ್ಲ.

ಹೀಗೇ ಸಾಯುವವರೆಗೆ ಕಾಲ ಹಾಕುತ್ತಿದ್ದೆನೋ ಏನೋ. ಆದರೆ ಕಳೆದ ಮಾಘದಲ್ಲಿ ಒಂದು ದಿನ ಭದ್ರಾವತಿಗೆ ಹೋಗಿದ್ದೆ. ಹತ್ತು ಗಂಟೆ ಹೊತ್ತು, ಇಡ್ಲಿ ವ್ಯಾಪಾರ ಮುಗಿದಿತ್ತು. ಅತ್ತಿಗೆ ಪಕ್ಕದ ಬೀದಿಯ ತವರಿಗೆ ಹೋಗಿದ್ದರು. ಅಣ್ಣ ಖಾಲಿ ಚಟ್ನಿ ಪಾತ್ರೆ ಮುಂದೆ ಕೂತು ಎದೆ ಉಜ್ಜಿಕೊಳ್ಳುತ್ತಿದ್ದ. ಮುಖ ಬಿಳಿಚಿಕೊಂಡಿತ್ತು.

"ಅಣ್ಣ, ನೋವಾ?"

"ಎಂಥದೂ ಇಲ್ಲ. ಬೆಳಿಗ್ಗೆಯಿಂದ ಸ್ವಲ್ಪ ಹಿಡಿದಂಗಿದೆ. ಮಾತ್ರೆ ಉಷ್ಣ."

"ನಡಿ ಆಸ್ಪತ್ರೆಗೆ."

"ಹೋದ್ರೆ ಮತ್ತೆ ಮಲಗಿಸ್ತಾರೆ. ನಂಗೆ ಆ ಹಾಸಿಗೆ ಸಾಕಾಗಿದೆ."

ನಾನು ಫೋನಿಗೆ ಹೇಳಿದೆ. ಒಂದೇ ಸಲ, ಪೂರ್ತಿ ನಿಜ: ವಯಸ್ಸು, ಸ್ಟೆಂಟು, ಬಿಗಿತ. ಈಗಲೇ ಆಸ್ಪತ್ರೆಗೆ ಹೋಗಿ, ಕಾಯಬೇಡಿ ಎಂದು ಬರೆಯಿತು. ಅದನ್ನು ಗಟ್ಟಿಯಾಗಿ ಅವನಿಗೆ ಓದಿ ಹೇಳಿದೆ.

ಅಣ್ಣ ನಕ್ಕ. "ಅದರ ಮಾತು ಕೇಳ್ತೀಯಾ ಮತ್ತೆ? ಹಾರ್ಟ್ ಒಡೀತಿದ್ದಾಗ ಗ್ಯಾಸ್ ಅಂದಿದ್ದು ಅದೇ ತಾನೇ? ಈಗ ಹಾರ್ಟ್ ಅಂತಿದೆ ಅಂದ್ರೆ ಇದು ನೂರಕ್ಕೆ ನೂರು ಗ್ಯಾಸು. ಹೋಗು, ಕಷಾಯ ಮಾಡು."

ಅವನ ತರ್ಕದಲ್ಲಿ ತಪ್ಪಿರಲಿಲ್ಲ. ಅದನ್ನು ಅವನ ಕೈಗೆ ಕೊಟ್ಟವಳೇ ನಾನು. ಅವನು ಚಟ್ನಿ ಪಾತ್ರೆಗೆ ನೀರು ಹುಯ್ದ, ಅರ್ಧ ನೀರು ನೆಲಕ್ಕೆ ಚೆಲ್ಲಿತು. ಆಗ ನಾನು ಬಾಯಿಬಿಟ್ಟೆ.

"ಅಣ್ಣ, ಅವತ್ತು ಅದು ಗ್ಯಾಸ್ ಅನ್ಲಿಲ್ಲ."

"ಹ್ಞಾಂ?"

"ಹಾರ್ಟ್ ಅಟ್ಯಾಕ್ ಇರ್ಬಹುದು, ಈಗ್ಲೇ ಕರ್ಕೊಂಡ್ ಹೋಗು, ಗಾಡಿ ಓಡಿಸೋಕೆ ಬಿಡ್ಬೇಡ ಅಂತ ಮೊದ್ಲೇ ಹೇಳ್ತು. ಗ್ಯಾಸ್ ಅನ್ನೋವರೆಗೂ ನಾನೇ ತಿರುಗಿಸಿ ತಿರುಗಿಸಿ ಕೇಳ್ದೆ. ನಿನ್ನ ವಯಸ್ಸು ಮೂವತ್ತೈದು ಅಂದೆ."

ಅಣ್ಣ ನನ್ನ ಮುಖವನ್ನೇ ನೋಡಿದ. ಹೊರಗೆ ಯಾರೋ ಬಂದು ಇಡ್ಲಿ ಇದೆಯಾ ಎಂದು ಕೇಳಿ, ಉತ್ತರ ಸಿಗದೆ ಹೋದರು.

"ಮದುವೆ ಆರ್ಡರಿಗಾ?" ಅಂದ.

"ಹೂಂ."

ಬೈಯುತ್ತಾನೆ ಅಂದುಕೊಂಡೆ. ಅವನು ಬೈದರೆ ನನಗೆ ಅಭ್ಯಾಸವಿದೆ, ತಿರುಗಿ ಬೈಯುತ್ತೇನೆ, ಅಲ್ಲಿಗೆ ಸಮ ಆಗುತ್ತದೆ. ಅವನು ಬೈಯಲಿಲ್ಲ. ಪಾತ್ರೆಯನ್ನು ನಿಧಾನವಾಗಿ ಕೆಳಗಿಟ್ಟು, "ಚಕ್ಕುಲಿ ಚೆನ್ನಾಗಿತ್ತು ಅಂದ್ರಾ ಬೀಗರು?" ಎಂದು ಕೇಳಿದ. ಆಮೇಲೆ ಗೋಡೆ ಹಿಡಿದು ಎದ್ದು, ಮೊಳೆಗೆ ನೇತುಹಾಕಿದ್ದ ಅಂಗಿ ತೆಗೆದು ಹಾಕಿಕೊಂಡ. "ಆಟೋ ಕರಿ" ಅಂದ.

ಆಟೋದಲ್ಲಿ ಕೂತು ಅತ್ತಿಗೆಗೆ ಫೋನ್ ಮಾಡಿ ಆಸ್ಪತ್ರೆಗೆ ಬರಲು ಹೇಳಿದೆ. ನಡೆದದ್ದನ್ನು ಒಪ್ಪಿಕೊಂಡಿದ್ದೆ, ಆದರೆ ತಪ್ಪಾಯಿತು ಎಂದು ಇನ್ನೂ ಅಂದಿರಲಿಲ್ಲ. ಅವೆರಡೂ ಒಂದೇ ಎಂದು ಅಲ್ಲಿಯವರೆಗೆ ತಿಳಿದಿದ್ದೆ.

ಆಸ್ಪತ್ರೆಯಲ್ಲಿ ಒಳಗೆ ಕರೆದುಕೊಂಡು ಹೋದರು. ಇಸಿಜಿ, ರಕ್ತ, ಇನ್ನೇನೋ. ಅಷ್ಟರಲ್ಲಿ ಅತ್ತಿಗೆ ಓಡಿ ಬಂದರು. ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಹೊರಗೆ ಬಂದು, ಮತ್ತೆ ರಕ್ತ ಓಡಾಟ ಕಡಿಮೆಯಾಗಿತ್ತು, ಬೇಗ ಬಂದದ್ದು ಒಳ್ಳೆಯದಾಯಿತು, ಮಾತ್ರೆ ಬದಲಾಯಿಸಿದ್ದೇವೆ, ಎರಡು ದಿನ ಇರಲಿ ಅಂದರು. ಅತ್ತಿಗೆ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತು ದೇವರಿಗೆಲ್ಲ ಕೈಮುಗಿದರು.

ನಮ್ಮನ್ನು ಒಳಗೆ ಬಿಟ್ಟಾಗ ಅಣ್ಣ ದಿಂಬಿಗೆ ಒರಗಿದ್ದ. ಅತ್ತಿಗೆ ಅವನ ಕಾಲು ಒತ್ತುತ್ತಾ, "ಸದ್ಯ, ಇವತ್ತು ಇವಳಿದ್ಲು. ಹೋದ್ಸಲನೂ ಇವಳು ಜೊತೆಗೇ ಇದ್ಲು ಪಾಪ, ಆ ಹಾಳು ಫೋನು ದಾರಿ ತಪ್ಪಿಸ್ತು" ಅಂದರು.

ಅಣ್ಣ ನನ್ನ ಕಡೆ ನೋಡಲಿಲ್ಲ. ಕಿಟಕಿ ಕಡೆ ಮುಖ ಮಾಡಿ, "ಆಗಿದ್ದು ಆಯ್ತು ಬಿಡು. ಆ ಫೋನಿನ ಸುದ್ದಿ ಇನ್ನು ಬೇಡ" ಅಂದ. ಅವನು ನನ್ನ ತಪ್ಪನ್ನು ಮುಚ್ಚಿಡುತ್ತಿದ್ದ. ನಾನು ಅವನ ಎದೆನೋವನ್ನು ಮುಚ್ಚಿಟ್ಟ ಹಾಗಲ್ಲ; ನನ್ನ ಮರ್ಯಾದೆ ಉಳಿಯಲೆಂದು, ಆ ಸುಸ್ತಿನಲ್ಲೂ. ಅತ್ತಿಗೆಯೋ ನನ್ನ ತಲೆ ಸವರಿ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು, ಹೋಗಿ ಟೀ ಕುಡಿದು ಬಾ ಅಂದರು. ಎದ್ದು ಹೋಗಿಬಿಡಬಹುದಿತ್ತು. ಟೀ ಕುಡಿದು ಬರುವಷ್ಟರಲ್ಲಿ ಮಾತು ಬೇರೆ ಕಡೆ ಹೊರಳಿರುತ್ತಿತ್ತು, ಅಣ್ಣನೂ ಜನ್ಮದಲ್ಲಿ ಬಾಯಿ ಬಿಡುತ್ತಿರಲಿಲ್ಲ.

ನಾನು ಹೋಗಲಿಲ್ಲ. ಮಂಚದ ಕಬ್ಬಿಣ ಹಿಡಿದುಕೊಂಡು ನಿಂತೆ. ಪಕ್ಕದ ಮಂಚದವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿಯೇ ಬಂತು ದನಿ.

"ಅತ್ತಿಗೆ, ಫೋನು ದಾರಿ ತಪ್ಪಿಸಲಿಲ್ಲ. ಅದು ಸರಿಯಾಗೇ ಹೇಳಿತ್ತು, ನಾನು ಮುಚ್ಚಿಟ್ಟೆ. ನನ್ನ ಮಾಲು ಹೋಗ್ಲಿ ಅಂತ ನಿಮ್ಮ ಗಂಡನ್ನ ಆ ನೋವಲ್ಲೇ ಗಾಡಿ ಹತ್ತಿಸಿದೆ. ಇಷ್ಟು ದಿನ ಅದರ ಮೇಲೆ ಹಾಕಿ ನಿಮ್ಮ ಕೈಲಿ ತಲೆ ಸವರಿಸ್ಕೊಂಡೆ. ಅಣ್ಣ, ಈ ಕಡೆ ನೋಡು. ನೋಡ್ದೇ ಇದ್ರೂ ಪರವಾಗಿಲ್ಲ, ಕೇಳಿಸ್ಕೊ. ನನ್ನಿಂದ ತಪ್ಪಾಯ್ತು ಕಣಣ್ಣ."